ಕಲ್ಲಿಗೇನು ಹೇಳುವುದು

ಬೆಳಗಿನಿಂದಲೂ ಹೆಸ್ಟರಳ ಬಾಯಲ್ಲಿ ಗಂಜಿಯ ರುಚಿ. ಹಲ್ಲುಜ್ಜಿದರೂ ಹೋಗಲಿಲ್ಲ, ಸಕ್ಕರೆಯಿಲ್ಲದ ಚಹಾ ಕುಡಿದರೂ ಹೋಗಲಿಲ್ಲ. ಗಂಡ ಜೊಸಾಯಾ ತೀರಿಕೊಂಡು ಒಂಬತ್ತು ವರ್ಷ; ದೇಶದ ಅರ್ಧ ಗಂಡಸರ ಕಾಲರುಗಳನ್ನು ಸೆಟೆದು ನಿಲ್ಲಿಸುತ್ತಿದ್ದ ಅವನ ಗಂಜಿಪುಡಿ ಕಾರ್ಖಾನೆ ಬೇರೆಯವರ ಪಾಲಾಗಿ ಎಂಟು ವರ್ಷ. ಅಲ್ಲಿಂದ ಬಂದ ಐಶ್ವರ್ಯವೆಲ್ಲ ಕೈಯಲ್ಲಿ ಉಳಿದಿತ್ತು, ಆ ವಾಸನೆಯೂ ಉಳಿದಿತ್ತು. ಬೇಡವೆಂದ ದಿನವೇ ಬಂದು ಗಂಟಲಲ್ಲಿ ಕೂರುತ್ತಿತ್ತು. ಟ್ಯಾಕ್ಸಿ ಸುತ್ತುಬಳಸಿ ರಂಗಮಂದಿರಗಳ ಬಡಾವಣೆ ಸೋಹೋ ಕಡೆಗೆ ಹೊರಟಿತ್ತು, ನೇರ ದಾರಿಯಲ್ಲಿ ನಿನ್ನೆಯ ಬಾಂಬಿಗೆ ಒಂದು ಮನೆ ಸೀಳಿಹೋಗಿತ್ತು. ಬಿದ್ದಿರಲಿಲ್ಲ, ಚಾಕುವಿನಿಂದ ಕೊಯ್ದ ಹಾಗೆ ಅರ್ಧ ಮನೆ ನಿಂತೇ ಇತ್ತು. ಮೂರನೆಯ ಮಹಡಿಯಲ್ಲಿ ಯಾರದೋ ಸ್ನಾನದ ತೊಟ್ಟಿ ಎರಡು ಕೊಳವೆಗಳಿಗೆ ಜೋತುಬಿದ್ದಿತ್ತು, ಅದರ ಹಿಂದೆ ಗುಲಾಬಿ ಹೂವಿನ ಗೋಡೆಕಾಗದ. ಜನ ಕೈಚೀಲ ಹಿಡಿದುಕೊಂಡು ತಲೆಯೆತ್ತಿ ನೋಡುತ್ತಿದ್ದರು. ಥೂ, ಇನ್ನೊಬ್ಬರ ಬಚ್ಚಲಲ್ಲಿ ಏನಿದೆ ನೋಡುವುದಕ್ಕೆ, ಅಂದುಕೊಂಡಳು. ಅಂದುಕೊಳ್ಳುತ್ತಿರುವಾಗಲೇ ತಾನು ಕತ್ತು ಹೊರಳಿಸಿ, ಗಾಜಿಗೆ ಮೂಗು ತಾಗಿಸಿ, ಆ ತೊಟ್ಟಿ ಮರೆಯಾಗುವವರೆಗೂ ನೋಡಿದ್ದು ಗೊತ್ತಾಯಿತು. ಚಾಲಕ ಕನ್ನಡಿಯಲ್ಲಿ ಅವಳನ್ನು ಗಮನಿಸಿದ್ದ. ಅವಳು ಕೈಗವಸಿನ ಗುಂಡಿ ಹಾಕಿಕೊಂಡಳು.

ಅವಳ ಒಡೆತನದ ಲಿನೆಟ್ ಥಿಯೇಟರಿನ ಬಾಗಿಲಲ್ಲಿ ಹನ್ನೊಂದು ಗಂಟೆಗೇ ಸಾಲು. ಸಿಪಾಯಿಗಳು, ನಾವಿಕರು, ರಜೆ ಹಾಕದೆ ಕಚೇರಿ ತಪ್ಪಿಸಿಕೊಂಡು ಬಂದ ಗುಮಾಸ್ತರು, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಕೂರುವ ಮುದುಕರು. ಒದ್ದೆ ಉಣ್ಣೆಯ ಕೋಟು, ಕಿತ್ತಳೆ ಸಿಪ್ಪೆ, ತಂಬಾಕು, ಅದರಡಿಯಲ್ಲಿ ಇನ್ನೇನೋ ಒಂದು, ಹೆಸರಿಡಲಾಗದ ಬೆಚ್ಚನೆಯ ವಾಸನೆ. ಮಧ್ಯಾಹ್ನ ಹನ್ನೆರಡರಿಂದ ಸಂಜೆಯವರೆಗೆ ದಿನಕ್ಕೆ ನಾಲ್ಕು ಆಟ. ಹಾಡು, ನಗೆಚಾಟಿಕೆ, ಚೆಂಡಾಟದ ನಾಯಿ, ಒಬ್ಬ ಜಾದೂಗಾರ. ಕೊನೆಗೆ ಪರದೆ ಮೇಲೇಳುತ್ತಿತ್ತು, ಬೆತ್ತಲೆ ಹುಡುಗಿಯೊಬ್ಬಳು ಅಮೃತಶಿಲೆಯಾಗಿ ಕಾಣುತ್ತಿದ್ದಳು. ಅಲುಗಾಡುವ ಹಾಗಿಲ್ಲ. ಪರವಾನಗಿಯ ಕಾಗದದಲ್ಲಿ ಇದ್ದದ್ದೇ ಅಷ್ಟು: ಬೆತ್ತಲೆಯಾಗಿರಬಹುದು, ಅಲುಗಬಾರದು. ಅಲುಗದಿದ್ದರೆ ಕಲೆ, ಅಲುಗಿದರೆ ಅಪರಾಧ. ಹನ್ನೆರಡು ನಿಮಿಷ ರೆಪ್ಪೆ ಬಡಿದರೂ ಎದೆ ಏರಿಳಿಯುವುದು ಕಾಣಬಾರದೆಂದು ಹುಡುಗಿಯರಿಗೆ ಹೊಟ್ಟೆಯಿಂದ ಉಸಿರಾಡುವುದನ್ನು ಅವಳೇ ಕಲಿಸಿದ್ದಳು. ಇದು ಅವಳದೇ ಯೋಚನೆ. ಗಂಡ ಸತ್ತ ವರ್ಷ ವಸ್ತುಸಂಗ್ರಹಾಲಯದಲ್ಲಿ ಸನ್ಯಾಸಿನಿಯೊಬ್ಬಳು ಶಾಲೆಯ ಹೆಣ್ಣುಮಕ್ಕಳನ್ನು ಬೆತ್ತಲೆ ದೇವತೆಗಳ ಮುಂದೆ ನಿಲ್ಲಿಸಿ ವಿವರಿಸುತ್ತಿದ್ದುದನ್ನು ನೋಡಿ, ಕಲ್ಲಾದರೆ ಸಾಕಲ್ಲ, ಯಾರೂ ಏನೂ ಅನ್ನುವುದಿಲ್ಲ, ಅನ್ನಿಸಿತ್ತು. ಪತ್ರಿಕೆಗಳು ಅವಳನ್ನು ಧೈರ್ಯವಂತೆ ಎಂದು ಬರೆದವು. ಹಳೆಯ ಪ್ರಾರ್ಥನಾ ಮಂದಿರದ ಹೆಂಗಸರು ಮಾತು ಬಿಟ್ಟರು. ಎರಡರಿಂದಲೂ ಅವಳಿಗೆ ಮೊದಮೊದಲು ಖುಷಿಯೇ ಆಗಿತ್ತು. ಈಗ ಮೇಲೆ ಪಕ್ಕದ ಗೋಡೆಗಂಟಿದ ತನ್ನ ಖಾಸಗಿ ಬಾಕ್ಸಿನ ಮಖಮಲ್ ಪರದೆಯ ಸಂದಿನಿಂದ ಕೆಳಗಿನ ಬೋಳುತಲೆಗಳ ಸಾಲು ನೋಡಿ ಪರದೆ ಎಳೆಯುತ್ತಿದ್ದಳು, ಮತ್ತೆ ಸರಿಸುತ್ತಿದ್ದಳು. ದೇವರು ಈ ಕಣ್ಣುಗಳನ್ನು ಕೊಟ್ಟದ್ದು ಯಾತಕ್ಕೆ ಎಂದು ಕೇಳಬೇಕೆನಿಸುತ್ತಿತ್ತು, ಆದರೆ ಅವನ ಜೊತೆಯೂ ಮಾತು ನಿಂತು ಬಹಳ ದಿನವಾಗಿತ್ತು.

ಎಲ್ಲಕ್ಕಿಂತ ಅಸಹ್ಯ ಆ ಜಿಗಿತ. ಆಟ ಮುಗಿದು ಮುಂದಿನ ಸಾಲಿನವನು ಎದ್ದನೋ ಇಲ್ಲವೋ, ಹಿಂದಿನವರು ಕುರ್ಚಿಗಳ ಬೆನ್ನು ತುಳಿದು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯೂರಿ, ಮುಂದಿನ ಆಟಕ್ಕೆ ಹತ್ತಿರದ ಜಾಗ ಹಿಡಿಯಲು ಮುಂದೆ ಮುಂದೆ ಹಾರಿ ಬರುತ್ತಿದ್ದರು. ಬಡಗಿ ವಾರಕ್ಕೊಮ್ಮೆ ಮುರಿದ ಕುರ್ಚಿ ಸರಿಮಾಡುತ್ತಿದ್ದ. ಮೊನ್ನೆ ಒಬ್ಬ ಮುದುಕ, ಅವಳ ತಂದೆಯ ವಯಸ್ಸಿರಬೇಕು, ಕೋಲನ್ನು ಬಾಯಲ್ಲಿ ಕಚ್ಚಿಕೊಂಡು ನಾಲ್ಕು ಸಾಲು ದಾಟಿದ್ದ.

ಊಟದ ಹೊತ್ತಿಗೆ ಅವಳಿಗೆ ಉಪಾಯ ಹೊಳೆಯಿತು. ಕಚೇರಿಯಲ್ಲಿ ಕೂತು ಬೂದುಬಣ್ಣದ ಸಾಸೇಜು, ಬೆಂದು ಹಳಸಿದಂತಿದ್ದ ಕೋಸು ತಟ್ಟೆಯಲ್ಲಿ ಅತ್ತಿತ್ತ ಸರಿಸುತ್ತಿದ್ದಾಗ, ರಂಗದ ಮೇಲ್ವಿಚಾರಕ ಲೋಮ್ಯಾಕ್ಸ್ ಮುರಿದ ಎರಡು ಕುರ್ಚಿಯ ಸುದ್ದಿ ತಂದ. ಮೂವತ್ತು ವರ್ಷ ರಂಗದ ಹಿಂದೆಯೇ ಬದುಕಿದ ಮನುಷ್ಯ, ಹಗಲು ಬೆಳಕಿಗೆ ಬಂದರೆ ಕಣ್ಣು ಕಿರಿದು ಮಾಡುತ್ತಿದ್ದ.

"ಲೋಮ್ಯಾಕ್ಸ್, ಇವತ್ತು ಮೂರನೇ ಆಟದಲ್ಲಿ ಪರದೆ ಇಳಿಸೋಕೆ ಮುಂಚೆ ರಾಜಗೀತೆ ಶುರು ಮಾಡಿಸಿ."

"ಪರದೆ ಮೇಲಿರುವಾಗಲೇನಾ ಅಮ್ಮಾವ್ರೇ? ಅದು ದಿನದ ಕೊನೇ ಆಟಕ್ಕಲ್ವಾ ಬಾರಿಸೋದು, ಅದೂ ಪರದೆ ಬಿದ್ದಮೇಲೆ."

"ಪರದೆ ಬಿದ್ದ ಕೂಡಲೇ ತಾನೇ ಅವು ಕಪಿಗಳ ಹಾಗೆ ಹಾರೋದು? ದೊರೆಯ ಹಾಡು ಕೇಳ್ತಿರುವಾಗ ಯಾವನು ಹಾರ್ತಾನೆ ನೋಡೋಣ. ಎದ್ದು ಸೆಟೆದು ನಿಲ್ಲಲೇಬೇಕು. ಅಷ್ಟರಲ್ಲಿ ನಿಮ್ಮ ಬಾಗಿಲಿನವರು ಸಾಲುಗಳ ಮಧ್ಯೆ ಬಂದು ನಿಂತ್ಕೊಳ್ಳಲಿ."

ಲೋಮ್ಯಾಕ್ಸ್ ಗಡ್ಡ ಕೆರೆದುಕೊಂಡ. ನಗು ಬಂತು ಅವನಿಗೆ. "ಐಡಿಯಾ ಏನೋ ಭಾರೀ ಇದೆ. ಬ್ಯಾಂಡಿನವರಿಗೆ ಹೇಳ್ತೀನಿ. ಹುಡುಗಿಗೂ ಒಂದು ಮಾತು ಹೇಳಿಬಿಡಲಾ?"

"ಕಲ್ಲಿಗೇನು ಹೇಳೋದು," ಅಂದಳು ಹೆಸ್ಟರ್. ತನ್ನ ಮಾತಿಗೆ ತಾನೇ ಮೆಚ್ಚಿ ಸಾಸೇಜಿನ ಒಂದು ತುಂಡು ತಿಂದಳು.

ಮೂರನೆಯ ಆಟದ ಪ್ರತಿಮೆ, ದೇಶವನ್ನೇ ಹೆಣ್ಣಾಗಿಸಿದ ಬ್ರಿಟಾನಿಯಾ. ನಾಣ್ಯದ ಮೇಲಿರುವ ಹಾಗೆ ಬಂಡೆಯ ಮೇಲೆ ಕೂತು, ತಲೆಗೆ ಶಿರಸ್ತ್ರಾಣ, ಬಲಗೈಯಲ್ಲಿ ತ್ರಿಶೂಲ, ತೊಡೆಗೆ ಒರಗಿಸಿದ ಗುರಾಣಿ. ಯುದ್ಧ ಶುರುವಾದಮೇಲೆ ಜನ ಇದನ್ನೇ ಕೇಳುತ್ತಿದ್ದರು, ದೇಶಭಕ್ತಿ ಎನ್ನುತ್ತಿದ್ದರು. ಪಾತ್ರ ಐವಿ ಟ್ರ್ಯಾಂಟರಳದು, ನದಿಯಾಚೆ ಬರ್ಮಂಡ್ಸಿಯ ಚರ್ಮ ಹದಮಾಡುವವರ ಕೇರಿಯ ಹುಡುಗಿ. ಇಪ್ಪತ್ತೊಂದು ವರ್ಷ, ಮೂಗಿಗೆ ಯಾವಾಗಲೂ ನೆಗಡಿ, ಕಲ್ಲಾಗುವುದರಲ್ಲಿ ಮಾತ್ರ ಎಲ್ಲರಿಗಿಂತ ಗಟ್ಟಿ. ಒಂದು ಸಲ ಪಕ್ಕದ ಬೀದಿಗೆ ಬಾಂಬು ಬಿದ್ದು ಮಾಡಿನಿಂದ ಸುಣ್ಣ ಉದುರಿ ಅವಳ ತುಟಿಯ ಮೇಲೆ ಕೂತರೂ ಅವಳು ನಾಲಿಗೆ ಹೊರಗೆ ಹಾಕಿರಲಿಲ್ಲ. ಅವಳಿಗೆ ಬಣ್ಣ ಹಚ್ಚುವವಳು ಪೆಗ್ ಎಂಬ ಮುದುಕಿ. ಬಿಳಿಯ ಲೇಪ ಬಿರುಕು ಬಿಡದಿರಲೆಂದು ಅದಕ್ಕೆ ಸ್ವಲ್ಪ ಗಂಜಿ ಬೆರೆಸುತ್ತಿದ್ದಳು. ಆ ಗಂಜಿಪುಡಿಯ ಡಬ್ಬದ ಮೇಲೆ ಜೊಸಾಯಾನ ಮೀಸೆಯ ಚಿತ್ರ ಈಗಲೂ ಇತ್ತು.

ಮೂರೂವರೆಗೆ ಹೆಸ್ಟರ್ ಬಾಕ್ಸಿನಲ್ಲಿ ಕೂತಳು. ಮೂರನೆಯ ಸಾಲಿನ ತುದಿಯಲ್ಲಿ, ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಪರವಾನಗಿ ಕಚೇರಿಯ ಫೆನ್ವಿಕ್ ಕೂತಿದ್ದ. ಅವನು ಬರುವ ದಿನ ಮೊದಲೇ ಗೊತ್ತಿರುತ್ತಿರಲಿಲ್ಲ. ಬಂದರೆ ಬರಲಿ, ಇವತ್ತಿನ ಶಿಸ್ತು ಅವನೂ ನೋಡಲಿ, ಅಂದುಕೊಂಡಳು. ಪರದೆ ಎದ್ದಿತು. ಬಂಡೆಯ ಮೇಲೆ ಐವಿ ಬೆಳ್ಳಗೆ, ತಣ್ಣಗೆ ಕೂತಿದ್ದಳು. ಕೆಳಗೆ ಇನ್ನೂರು ಗಂಡಸರು ಒಟ್ಟಿಗೆ ಎಂಜಲು ನುಂಗಿದ ಸದ್ದು ಕೇಳಿಸಿದಂತಾಯಿತು. ಅವಳ ಬಾಯಲ್ಲಿ ಮತ್ತೆ ಗಂಜಿ. ಸಾಯುವ ದಿನ ಜೊಸಾಯಾನ ಬಾಯಿಯೂ ಹೀಗೇ ಬೆಳ್ಳಗಾಗಿತ್ತು. ಹೆಸ್ಟರ್, ಕಿಟಕಿ ಹಾಕು, ಚಳಿ, ಅಂದಿದ್ದ. ಅವಳು ಮಂಚದ ಪಕ್ಕದ ಕುರ್ಚಿಯಲ್ಲಿ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು, ಸಾಲಿನ ನಡುವೆ ಬಿಟ್ಟರೆ ಎಣಿಕೆ ತಪ್ಪುತ್ತದೆ. ಇನ್ನೆರಡು ಸಾಲು, ಅಂದಳು. ಅವನು ಇನ್ನೊಂದು ಸಲ ಕೇಳಲಿಲ್ಲ. ಎರಡು ಸಾಲು ಮುಗಿಸಿ ಎದ್ದಳು, ಕಿಟಕಿ ಹಾಕಿದಳು, ತಿರುಗಿ ನೋಡಿದರೆ ಕಿಟಕಿ ಹಾಕಿದ್ದು ಯಾರಿಗೂ ಬೇಕಾಗಿರಲಿಲ್ಲ. ಆ ಕಾಲುಚೀಲ ಅನಾಥಾಲಯಕ್ಕೆ ಹೋಯಿತು.

ಬ್ಯಾಂಡು ಶುರುವಾಯಿತು. ಡೋಲಿನ ಉರುಳು, ಆಮೇಲೆ ಆ ಹಾಡು. ಕೆಳಗೆ ಇನ್ನೂರು ಕುರ್ಚಿಗಳು ಒಮ್ಮೆಲೇ ಪಟಪಟನೆ ಮಡಚಿಕೊಂಡವು. ಟೋಪಿಗಳು ಇಳಿದವು, ಕೈಗಳು ಪಕ್ಕಕ್ಕೆ ಬಿದ್ದವು. ಒಬ್ಬನೂ ಹಾರಲಿಲ್ಲ. ಗೆದ್ದೆ, ಅಂದುಕೊಂಡಳು ಹೆಸ್ಟರ್. ಅಷ್ಟರಲ್ಲಿ ಮೇಲೆ, ಬಂಡೆಯ ಮೇಲೆ, ಬ್ರಿಟಾನಿಯಾ ಎದ್ದು ನಿಂತಳು.

ನಿಧಾನವಾಗಿ ಎದ್ದಳು, ಗಾಬರಿಯಿಲ್ಲದೆ. ಚರ್ಚಿನಲ್ಲಿ ಕೀರ್ತನೆಗೆ ಏಳುತ್ತಾರಲ್ಲ ಹಾಗೆ. ಗುರಾಣಿ ಜಾರಿ ಹಲಗೆಯ ಮೇಲೆ ತಟ್ಟೆಯಂತೆ ಗಿರಗಿರ ತಿರುಗಿ ಬಿದ್ದಿತು. ಮಡಿಸಿದ ಮೊಣಕಾಲುಗಳ ಹಿಂದೆ ಬಿಳಿಯ ಲೇಪ ಬಿರಿದು ಉದುರಿತು. ಬಿರುಕಿನೊಳಗಿಂದ ನಸುಗೆಂಪು ಚರ್ಮ ಕಂಡಿತು, ಚಳಿಗೆ ಮುಳ್ಳೆದ್ದ ಚರ್ಮ. ತ್ರಿಶೂಲ ಒಂದು ಪಕ್ಕ, ಇನ್ನೊಂದು ಕೈ ತೊಡೆಗಂಟಿಸಿ, ಗದ್ದವೆತ್ತಿ, ಹುಡುಗಿ ನೇರ ನಿಂತಿದ್ದಳು. ಕೆಳಗೆ ಒಬ್ಬನೂ ಸಿಳ್ಳೆ ಹಾಕಲಿಲ್ಲ. ಹಾಡಿನ ನಡುವೆ ಸಿಳ್ಳೆ ಹಾಕುವ ಹಾಗಿಲ್ಲ. ನೋಡದಿರುವ ಹಾಗೂ ಇಲ್ಲ, ಸೆಟೆದು ನಿಂತವನ ಕಣ್ಣು ನೇರ ಮುಂದಕ್ಕೇ ಇರಬೇಕು. ಬೆತ್ತಲೆ ಹುಡುಗಿಯೊಬ್ಬಳು, ಇನ್ನೂರು ಗಂಡಸರು, ಎದುರುಬದುರು ಮರ್ಯಾದೆಯಿಂದ ನಿಂತಿದ್ದರು. ಪೂರ್ತಿ ಹಾಡು ಮುಗಿಯುವವರೆಗೆ ಲೋಮ್ಯಾಕ್ಸ್ ಪರದೆಯ ಹಗ್ಗ ಮುಟ್ಟಲಿಲ್ಲ. ಅವನೂ ಸೆಟೆದು ನಿಂತಿದ್ದ.

ಕಾಲು ಗಂಟೆಯಲ್ಲಿ ಫೆನ್ವಿಕ್ ಅವಳ ಕಚೇರಿಯಲ್ಲಿದ್ದ. ಸಣ್ಣ ತಲೆ, ದೊಡ್ಡ ಕಿವಿ, ಕುರ್ಚಿಯ ತುದಿಯಲ್ಲಿ ಕೂರುವ ಅಭ್ಯಾಸ. ಕಾಲರಿಗೆ ಗಂಜಿ ಚೆನ್ನಾಗಿ ಹಿಡಿದಿತ್ತು. ಚಹಾ ಬಂತು. ಅವನು ಒಂದು ಗುಟುಕು ಕುಡಿದು, ಕಾಗದ ತೆಗೆದು, ಮೊಣಕಾಲ ಮೇಲೆ ಹರವಿಕೊಂಡ.

"ಅಶ್ಲೀಲ ಅಂತ ನಾನು ಅನ್ನೋದಿಲ್ಲ ಮೇಡಂ. ಅನ್ನೋಕೆ ಬರೋದೂ ಇಲ್ಲ. ರಾಜಗೀತೆಗೆ ಎದ್ದು ನಿಂತದ್ದನ್ನ ಅಶ್ಲೀಲ ಅಂತ ಬರೆದರೆ ನನ್ನ ಕೆಲಸ ಹೋಗುತ್ತೆ. ಆದರೆ ಚಲನೆ. ಚಲನೆ ಆಯ್ತಲ್ಲ."

"ಆಯ್ತು."

"ಎಷ್ಟು ಅಂತ ಬರೀಬೇಕು ನಾನು. ಕೂತಲ್ಲಿಂದ ನಿಲ್ಲೋವರೆಗೆ. ಪೂರ್ಣ ಚಲನೆ." ಅವನು ಬರೆದುಕೊಂಡ. "ಈಗ ಕಾರಣ. ಎರಡು ಥರ ಬರೀಬಹುದು. ಹುಡುಗಿಯ ಅಶಿಸ್ತು, ಕೆಲಸದಿಂದ ತೆಗೆದಿದ್ದೀರಿ, ಮುಗೀತು, ನಾನೂ ಮನೆಗೆ ಹೋಗ್ತೀನಿ. ಇಲ್ಲ, ಆಡಳಿತದ ಏರ್ಪಾಟು ಅಂದರೆ, ಪರದೆ ಮೇಲಿರುವಾಗ ಬೇಕಂತಲೇ ಹಾಡು ಬಾರಿಸಿ ಎಬ್ಬಿಸಿದ್ದು ಅಂದರೆ, ಅದು ಬೇರೆ. ಪ್ರತಿಮೆಗಳ ಪರವಾನಗಿ ನಾಳೆಯಿಂದ ಇಲ್ಲ. ಬ್ಯಾಂಡಿನವರು ಇವತ್ತು ಸ್ವಲ್ಪ ಮುಂಚೆ ಶುರು ಮಾಡಿಬಿಟ್ಟರೇನೋ, ಅಲ್ವಾ?"

ಅವನು ದಾರಿ ತೋರಿಸುತ್ತಿದ್ದ. ಒಳ್ಳೆಯ ಮನುಷ್ಯ. ಆ ಒಳ್ಳೆಯತನ ಕೋಸಿನ ವಾಸನೆಯಂತೆ ಕೋಣೆ ತುಂಬಿಕೊಂಡಿತು. ಹೆಸ್ಟರ್ ಲೆಕ್ಕ ಹಾಕಿದಳು: ನಾಯಿಯವನು, ಹಾಡುಗಾರ್ತಿ, ಬ್ಯಾಂಡು, ಪೆಗ್, ಬಾಗಿಲಿನವರು, ಒಟ್ಟು ನಲವತ್ತು ಜನ. ಅವರಲ್ಲಿ ಅರ್ಧ ಜನ ಮನೆ ಬಿದ್ದು ಥಿಯೇಟರಿನ ನೆಲಮಾಳಿಗೆಯಲ್ಲೇ ಮಲಗುತ್ತಿದ್ದರು. ಪ್ರತಿಮೆಗಳಿಲ್ಲದಿದ್ದರೆ ನಾಯಿಯ ಚೆಂಡಾಟ ನೋಡಲು ಯಾರು ಬರುತ್ತಾರೆ? ಈ ನಲವತ್ತು ಜನ ಸಮಯಕ್ಕೆ ಸರಿಯಾಗಿ ನೆನಪಾದರಲ್ಲ ಎಂದೂ ಅನ್ನಿಸಿತು. ಬೆಳಗ್ಗೆ ಅವರಲ್ಲಿ ಒಬ್ಬರ ಮುಖವೂ ನೆನಪಿರಲಿಲ್ಲ.

"ಸ್ವಲ್ಪ ಮುಂಚೆ ಶುರು ಮಾಡಿದರು," ಅಂದಳು.

ಬಾಗಿಲ ಬಳಿ ನಿಂತಿದ್ದ ಲೋಮ್ಯಾಕ್ಸ್ ಕೆಮ್ಮಿದ.

"ನೀವು ಸ್ವತಃ ನೋಡಿದಿರಾ?"

"ಬಾಕ್ಸಿನಲ್ಲಿದ್ದೆ."

"ಸಾಕ್ಷಿ ಅಂತ ಬರ್ಕೋತೀನಿ. ಎದ್ದು ನಿಂತಿದ್ದಿರಿ, ಸಹಜವಾಗಿ."

"ಸಹಜವಾಗಿ," ಅಂದಳು ಹೆಸ್ಟರ್.

ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಅದು ಸುಳ್ಳೆಂದು ಅವಳಿಗೆ ಗೊತ್ತಾದದ್ದು ಸಹಿ ಹಾಕುವಾಗ. ತಾನು ಎದ್ದಿರಲಿಲ್ಲ. ಮುಂದಕ್ಕೆ ಬಾಗಿ, ಮಖಮಲ್ ಪರದೆ ಸರಿಸಿ, ಎರಡೂ ಮೊಣಕೈ ಕಟಕಟೆಯ ಮೇಲೂರಿ ನೋಡುತ್ತಿದ್ದಳು. ಆ ಥಿಯೇಟರಿನಲ್ಲಿ ಎದ್ದು ನಿಲ್ಲದೆ ಉಳಿದದ್ದು ಅವಳೊಬ್ಬಳೇ.

ಐವಿಯನ್ನು ಕರೆಸಿದರು. ಮೈಗೆ ಪೆಗ್‌ಳ ಹಳೆಯ ಕೋಟು ಸುತ್ತಿಕೊಂಡಿದ್ದಳು. ಕತ್ತಿನ ಮೇಲೆ, ಕಿವಿಯ ಹಿಂದೆ, ಬೆರಳುಗಳ ಸಂದಿನಲ್ಲಿ ಬಿಳಿಯ ಲೇಪ ಹಾಗೇ ಇತ್ತು. ಮುಖ ಮಾತ್ರ ತೊಳೆದುಕೊಂಡು ಮೂಗು ಕೆಂಪಾಗಿತ್ತು. ಪೆಗ್ ಜೊತೆಗೇ ಬಂದು, ಹೊಸಲಿನಲ್ಲೇ ನಿಂತಳು.

"ಬೇಕಂತ ಮಾಡಿದ್ದಲ್ಲ ಮೇಡಂ," ಅಂದಳು ಐವಿ. "ಕಾಲು ತಾವೇ ಎದ್ದವು. ನಮ್ಮಪ್ಪ ಸ್ನಾನದ ತೊಟ್ಟೀಲಿ ಕೂತಿದ್ರೂ ರೇಡಿಯೋದಲ್ಲಿ ಆ ಹಾಡು ಬಂದರೆ ಎದ್ದು ನಿಲ್ತಾನೆ. ಮೈತುಂಬ ಸೋಪು ಇಟ್ಕೊಂಡು. ನಮ್ಮಮ್ಮ ಬೈತಾಳೆ, ಲೇ ಮುದುಕಾ, ಟವೆಲ್ಲಾದ್ರೂ ಸುತ್ಕೊಳ್ಳೋ, ದೊರೆ ನೋಡಿದ್ರೆ ಏನಂದಾನು ಅಂತ. ಅವನು, ದೊರೆಗೂ ಇರೋದು ಇದೇ ಕಣೇ, ಅಂತಾನೆ. ನಾವೆಲ್ಲ ಹಾಗೇ ಬೆಳೆದೋರು."

ಪೆಗ್‌ಗೆ ನಗು ತಡೆಯಲಾಗಲಿಲ್ಲ. ಫೆನ್ವಿಕ್ ಕೊಡೆಯ ಹಿಡಿಯನ್ನು ನೋಡುತ್ತ ಕೂತಿದ್ದ.

ಹೆಸ್ಟರ್ ಹೇಳಬೇಕಾದ್ದನ್ನು ಹೇಳಿದಳು. ಶಿಸ್ತು ಅಂದಳು, ಪರವಾನಗಿ ಅಂದಳು, ನಲವತ್ತು ಜನ ಅಂದಳು. ತನ್ನ ದನಿ ಪ್ರಾರ್ಥನಾ ಮಂದಿರದ ಹಿರಿಯರ ದನಿಯಂತೆ ಒಣಗಿ ಬರುವುದು ಅವಳಿಗೇ ಕೇಳಿಸುತ್ತಿತ್ತು. ಐವಿ ತಲೆಯಾಡಿಸುತ್ತ ಕೇಳಿದಳು. ಅಳುತ್ತಾಳೆ, ಕೂಗಾಡುತ್ತಾಳೆ, ಯಾರೂ ನನಗೆ ಹೇಳಲಿಲ್ಲ ಅನ್ನುತ್ತಾಳೆ ಎಂದು ಹೆಸ್ಟರ್ ಕಾದಳು. ಹಾಗಂದರೆ ಒಳ್ಳೆಯದು, ಸಿಟ್ಟು ಮಾಡಬಹುದು. ಹುಡುಗಿ ಮೂಗು ಒರೆಸಿಕೊಂಡಳು.

"ಆಯ್ತು ಮೇಡಂ. ಬಾಂಬು ಬಿದ್ದಾಗ ಕೂತಿದ್ದೋಳು ಹಾಡಿಗೆ ಎದ್ದುಬಿಟ್ಟೆ ನೋಡಿ, ನನ್ನ ಬುದ್ಧಿಗಿಷ್ಟು." ಹೋಗಲು ತಿರುಗಿದವಳು ಏನೋ ನೆನಪಾಗಿ ನಿಂತಳು. ದನಿಯಲ್ಲಿ ಕಾಳಜಿಯಿತ್ತು, ಬರೀ ಕಾಳಜಿ. "ನಿಮ್ಮ ಮೈ ಹೇಗಿದೆ ಈಗ? ಮೇಲಿಂದ ನಿಮ್ಮ ಬಾಕ್ಸೇ ನನಗೆ ನೇರ ಕಾಣೋದು. ಎಲ್ಲರೂ ಎದ್ದರು, ನೀವೊಬ್ಬರು ಏಳಲೇ ಇಲ್ಲ. ಮೊಣಕಾಲು ನೋವಿರಬೇಕು ಪಾಪ, ಇಲ್ಲಾ ತಲೆ ತಿರುಗಿತೇನೋ ಅಂದ್ಕೊಂಡೆ. ಹಾಡು ಪೂರ್ತಿ ಅದೇ ಯೋಚನೆ ನನಗೆ."

ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಕಾಗದ ಇನ್ನೂ ಮೇಜಿನ ಮೇಲಿತ್ತು, ಸಹಿಯ ಶಾಯಿ ಒಣಗಿರಲಿಲ್ಲ, ಅವಳ ಕೈಯಿಂದ ಒಂದು ಗೇಣು ದೂರ. ಎಳೆದುಕೊಂಡು ಹರಿಯಬಹುದಿತ್ತು. ಹರಿದಿದ್ದರೆ ಸಾಕಿತ್ತು, ಮಾತೂ ಬೇಕಾಗಿರಲಿಲ್ಲ. ಹೆಸ್ಟರ್ ಫೆನ್ವಿಕ್‌ನನ್ನು ನೋಡಿದಳು. ಅವನ ದೊಡ್ಡ ಕಿವಿಗಳು ಕೆಂಪಾಗಿದ್ದವು, ಕೇಳಿಸಿದೆ. ಏನಾದರೂ ಅನ್ನು, ಅಂದುಕೊಂಡಳು, ನೀನು ಅಂದರೆ ನಾನು ಒಪ್ಪುತ್ತೇನೆ.

ಫೆನ್ವಿಕ್ ಚಹಾದ ಬಟ್ಟಲನ್ನು ಎತ್ತಿ ಅದರ ತಳ ನೋಡಿದ.

"ಚಹಾ ಇವತ್ತು ಹದವಾಗಿದೆ," ಅಂದ. "ನಮ್ಮಲ್ಲಿ ಬರೀ ನೀರು. ಎಲೆ ಎಲ್ಲಿಂದ ತರಿಸ್ತೀರಿ ಮೇಡಂ?"

ಆ ಕೇಳಿಸದ ಸೋಗು! ಈ ದೇಶ ಅದರ ಮೇಲೇ ನಿಂತಿದೆ. ಅವಳ ಅಪ್ಪ, ಅವಳ ಗಂಡ, ಅವಳು, ಎಲ್ಲರೂ ಕೇಳಿಸದ ಹಾಗೆ ಇರುವುದನ್ನೇ ಸಭ್ಯತೆಯೆಂದು ಕಲಿತವರು.

"ಪಿಕಡಿಲಿಯಲ್ಲಿ ಒಬ್ಬ ಪರಿಚಯದವನಿದ್ದಾನೆ," ಅಂದಳು ಹೆಸ್ಟರ್.

ಫೆನ್ವಿಕ್ ಕಾಗದ ಮಡಚಿ ಒಳಜೇಬಿಗಿಟ್ಟ. ಐವಿ ಕೈ ಚಾಚಿದಳು, ಹೊರಡುವಾಗ ಕೈಕುಲುಕುವುದು ಮರ್ಯಾದೆ. ಹೆಸ್ಟರ್ ಕೈಗವಸು ತೆಗೆಯದೆ ಕುಲುಕಿದಳು. ಹುಡುಗಿಯ ಬೆರಳು ತಣ್ಣಗಿದ್ದವು, ಗವಸಿನ ಕಪ್ಪು ತೊಗಲಿನ ಮೂಲಕವೂ ಗೊತ್ತಾಗುವಷ್ಟು. ಅವಳು ಹೋದಮೇಲೆ ಪೆಗ್ ಹೊಸಲಿನಿಂದ ಕದಲಲಿಲ್ಲ. "ಬೆತ್ತಲೆ ಹುಡುಗಿಗಿರೋ ಮಾನ," ಅಂದು, ಮುಂದಿನದನ್ನು ನುಂಗಿಕೊಂಡು, ಚಹಾದ ತಟ್ಟೆ ಎತ್ತಿಕೊಂಡು ಹೋದಳು.

ಲೋಮ್ಯಾಕ್ಸ್ ಉಳಿದ. "ಕೊನೇ ಆಟಕ್ಕೆ ಮೇಬಲ್‌ನ ಕೂರಿಸ್ತೀನಿ ಅಮ್ಮಾವ್ರೇ. ಹಾಡು ಹಳೇ ಥರ, ಪರದೆ ಬಿದ್ದ ಮೇಲೆ."

"ಹ್ಞೂಂ."

"ಮೇಬಲ್‌ಗೆ ಎಲ್ಲಾ ಹೇಳಿದೀನಿ," ಅಂದ. ಅವಳತ್ತ ನೋಡದೆ, "ಕಲ್ಲಿಗೂ ಹೇಳ್ಬೇಕಾಗುತ್ತೆ ನೋಡಿ ಒಂದೊಂದು ಸಲ."

ಐದೂವರೆಗೆ ಹೆಸ್ಟರ್ ಮತ್ತೆ ಬಾಕ್ಸಿಗೆ ಹೋದಳು. ಹೋಗದಿದ್ದರೆ ಜನ ಏನೋ ಅಂದುಕೊಳ್ಳುತ್ತಾರೆ. ಕೈಗವಸಿನ ಮೇಲೆ ಐದು ಬೆರಳುಗಳ ಬಿಳಿ ಅಚ್ಚು. ಉಜ್ಜಿದಷ್ಟೂ ಹಿಟ್ಟಿನಂತೆ ಹರಡಿತು. ನಾಯಿ ಬಂತು, ಹೋಯಿತು. ಜಾದೂಗಾರ ಮೊಟ್ಟೆ ಮಾಯ ಮಾಡಿದ. ಮೊಟ್ಟೆ ಕಂಡು ಸಿಪಾಯಿಗಳು, ಅದನ್ನ ನನ್ನ ಹೊಟ್ಟೇಲಿ ಮಾಯ ಮಾಡೋ, ಎಂದು ಕೂಗಿದರು. ಬಂಡೆಯ ಮೇಲೆ ಮೇಬಲ್ ಕೂತಳು. ಯಾವ ತಪ್ಪೂ ಇಲ್ಲದ ಕಲ್ಲು. ಐವಿ ಈಗ ಬರ್ಮಂಡ್ಸಿಯ ಬಸ್ಸಿನಲ್ಲಿರಬೇಕು, ಕಿವಿಯ ಹಿಂದೆ ಬಿಳಿ ಹೊತ್ತುಕೊಂಡು. ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾಳೆ, ಅವನು ತೊಡೆ ತಟ್ಟಿ ನಗುತ್ತಾನೆ, ಆಮೇಲೆ ಇಬ್ಬರೂ ಸುಮ್ಮನಾಗುತ್ತಾರೆ. ಆ ಸುಮ್ಮನಿರುವುದನ್ನು ಹೆಸ್ಟರಳಿಗೆ ಯೋಚಿಸಲಾಗಲಿಲ್ಲ.

ಪರದೆ ಬಿದ್ದಿತು. ಬಿದ್ದದ್ದೇ ಕೆಳಗೆ ಜಿಗಿತ ಶುರುವಾಯಿತು. ಇವತ್ತಿಗೆ ಇನ್ನು ಆಟವೇ ಇಲ್ಲ, ಆದರೂ ಹಾರಿದರು, ಹಾರುವುದು ಮೈಗೆ ಅಂಟಿಬಿಟ್ಟಿತ್ತು. ಆಗ ಬ್ಯಾಂಡು ಎತ್ತಿಕೊಂಡಿತು. ಎಲ್ಲರೂ ಇದ್ದಲ್ಲೇ ನಿಂತರು. ಒಂದು ಕಾಲು ಈ ಸಾಲಿನಲ್ಲಿ, ಒಂದು ಕಾಲು ಕುರ್ಚಿಯ ಬೆನ್ನಿನ ಮೇಲೆ, ಒಬ್ಬನ ಕೈ ಇನ್ನೊಬ್ಬನ ಹೆಗಲ ಮೇಲೆ. ಕೋಲಿನ ಮುದುಕ ಇವತ್ತೂ ಬಂದಿದ್ದ, ಕೋಲನ್ನು ಬಾಯಿಂದ ತೆಗೆದು ಪಕ್ಕಕ್ಕಂಟಿಸಿ, ಕುರ್ಚಿಯ ಮೇಲೆ ತೂರಾಡುತ್ತ ಗದ್ದವೆತ್ತಿದ. ನೋಡಲು ಅಸಹ್ಯವಾಗಿತ್ತು. ಅವರಲ್ಲಿ ಒಬ್ಬನೂ ಕೂತಿರಲಿಲ್ಲ.

ಹೆಸ್ಟರ್ ಎದ್ದಳು. ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ಕೈಗಳನ್ನು ಪಕ್ಕಕ್ಕಂಟಿಸಿದಳು, ಕರಿಯ ಲಂಗದ ಮೇಲೆ ಬಿಳಿಯ ಕೈಯಚ್ಚು ಮೂಡಿತು. ಯಾರೂ ಬಾಕ್ಸಿನ ಕಡೆ ನೋಡಲಿಲ್ಲ. ನೋಡಬೇಕಾದವಳು ಎದುರಿಗಿರಲಿಲ್ಲ, ಎದುರಿಗೆ ಪರದೆ ಮಾತ್ರ. ದೇವರೇ, ಅಂದಳು, ಮುಂದೆ ಏನು ಕೇಳಬೇಕೋ ತಿಳಿಯಲಿಲ್ಲ, ಕಿಟಕಿ ಹಾಕು ಅನ್ನುವ ಮಾತೊಂದೇ ಬಾಯಿಗೆ ಬಂತು.

ಹಾಡು ಮುಗಿಯಿತು. ಗಂಡಸರು ಕುರ್ಚಿಗಳಿಂದ ಇಳಿದು, ಟೋಪಿ ಹಾಕಿಕೊಂಡು, ಮುಸ್ಸಂಜೆಯ ಸೈರನ್ನಿಗೆ ಮುಂಚೆ ಮನೆ ಸೇರಲು ನುಗ್ಗಿ ಹೊರಟರು. ದೀಪಗಳು ಒಂದೊಂದಾಗಿ ಆರಿದವು. ಕೆಳಗೆ ಕಿತ್ತಳೆ ಸಿಪ್ಪೆ ಗುಡಿಸುತ್ತಿದ್ದ ಪೆಗ್ ತಲೆಯೆತ್ತಿ ನೋಡಿದಳು. ಬಾಕ್ಸಿನಲ್ಲಿ ಯಜಮಾನಿ ಕೈಗಳನ್ನು ಪಕ್ಕಕ್ಕಿಟ್ಟುಕೊಂಡು ನಿಂತೇ ಇದ್ದಳು.

"ಹಾಡು ಮುಗೀತು ಅಮ್ಮಾವ್ರೇ," ಅಂದಳು ಪೆಗ್. "ಕೂತ್ಕೋಬಹುದು."

ಹೆಸ್ಟರ್ ಅಲುಗಲಿಲ್ಲ. ಪೆಗ್ ಬಗ್ಗಿ ಕಸ ಎತ್ತಿದಳು.